ಮೆಮೊರಿಯಲ್ಲಿ ಜಾಗ ಕೇಳಿ ಪಡೆಯುವ ಮ್ಯಾಲಾಕ್ ಬಳಸಿದ ಪ್ರೋಗ್ರಾಂ ಒಂದು ಸಲ ಓಡುತ್ತದೆ, ಇನ್ನೊಂದು ಸಲ ನಿಲ್ಲುತ್ತದೆ. ನಿಮಗೂ ಹೀಗಾಗಿತ್ತಾ?

ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಸಿ ಭಾಷೆಯಲ್ಲಿ ಅರೇ, ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಪಾಯಿಂಟರ್ ತನಕ ಹೇಗೋ ಬಂದೆ. ಮ್ಯಾಲಾಕ್ ಹಾಕಿ ಲಿಂಕ್ಡ್ ಲಿಸ್ಟ್ (ಒಂದು ನೋಡ್ ಮುಂದಿನ ನೋಡನ್ನು ತೋರಿಸುವ ಸರಪಳಿ) ಬರೆದರೆ ಒಮ್ಮೊಮ್ಮೆ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಲ್ಲುತ್ತದೆ. ಲ್ಯಾಬ್ ಪರೀಕ್ಷೆ ಹತ್ತಿರ ಬಂತು. ನೀವು ಹೇಗೆ ಸರಿ ಮಾಡಿಕೊಂಡಿರಿ, ಹೇಳಿ.

ಉತ್ತರ 1
ನನಗೂ ಆಗಿತ್ತು. ನಮ್ಮ ತಂದೆಯದು ಇಲ್ಲೇ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಲೆಕ್ಕಕ್ಕೆ ಅಂತ ನಾನೇ ಸಿ ಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೆ. ಪ್ರತಿ ರೈತರಿಗೂ ಒಂದು ನೋಡ್, ಹೆಸರು ಮತ್ತು ಊರಿಗೆ ಬೇರೆ ಜಾಗ, ಎರಡೂ ಮ್ಯಾಲಾಕ್‌ನಿಂದ. ವಾರಗಟ್ಟಲೆ ಚೆನ್ನಾಗಿ ಓಡಿತು. ಒಂದು ದಿನ ಯಾರದೋ ಊರು ತಪ್ಪಾಗಿದೆ ಅಂತ ಆನಗೋಡು ತೆಗೆದು ಮಾಯಕೊಂಡ ಅಂತ ತಿದ್ದಿದೆ. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದರ ಮುಂದಿನ ಹೆಸರು ಅಳಿಸಿದೆ, ಪ್ರೋಗ್ರಾಂ ಅಲ್ಲೇ ನಿಂತಿತು. ನಿಂತದ್ದು ಪಡೆದ ಜಾಗ ವಾಪಸ್ ಕೊಡುವ ಫ್ರೀ ಇದ್ದ ಸಾಲಿನಲ್ಲಿ. ಎರಡು ದಿನ ಆ ಅಳಿಸುವ ಫಂಕ್ಷನ್ನನ್ನೇ ಹಿಡಿದುಕೊಂಡು ಕೂತೆ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ತಪ್ಪಿದ್ದದ್ದು ತಿದ್ದುವ ಕಡೆ. ಅಕ್ಷರಗಳನ್ನು ಎಣಿಸಿ ಹೇಳುವ ಸ್ಟ್ರ್‌ಲೆನ್ ಎಷ್ಟು ಹೇಳಿತೋ ಅಷ್ಟೇ ಬೈಟ್ ಕೇಳಿದ್ದೆ. ಅಕ್ಷರಗಳು ಇಲ್ಲಿಗೆ ಮುಗಿದವು ಅಂತ ತೋರಿಸುವ ಕೊನೆಯ ಸೊನ್ನೆಗೆ ಇನ್ನೊಂದು ಬೈಟ್ ಬೇಕು ಅಲ್ವಾ, ಅದನ್ನು ಮರೆತಿದ್ದೆ. ಮತ್ತೆ ಇಷ್ಟು ದಿನ ಹೇಗೆ ಓಡಿತು ಅಂದರೆ, 64 ಬಿಟ್ ಲಿನಕ್ಸ್‌ನಲ್ಲಿ 10 ಬೈಟ್ ಕೇಳಿದರೂ ಕೈಗೆ ಸಿಗುವುದು 24. ಆ ಮಿಕ್ಕ ಜಾಗದಲ್ಲೇ ನನ್ನ ತಪ್ಪು ಅಡಗಿ ಕೂತಿತ್ತು. ಆವತ್ತು ತಿದ್ದಿದ ಹೆಸರು, ಊರು ಇಂಗ್ಲಿಷ್ ಅಕ್ಷರದಲ್ಲಿ ಸೇರಿ ಸರಿಯಾಗಿ 24 ಆಯಿತು. ಸೊನ್ನೆ 25ನೇ ಬೈಟಿಗೆ ಹೋಯಿತು. ಮ್ಯಾಲಾಕ್ ತಾನು ಕೊಟ್ಟ ಪ್ರತಿ ತುಂಡು ಶುರುವಾಗುವ ಮುಂಚಿನ ಜಾಗದಲ್ಲೇ ಅದರ ಅಳತೆ ಬರೆದಿಟ್ಟಿರುತ್ತದೆ, ಫ್ರೀ ಓದುವುದು ಅದನ್ನೇ. ಪಕ್ಕದ ತುಂಡಿನ ಆ ಅಳತೆಯನ್ನೇ ನನ್ನ ಸೊನ್ನೆ ಅಳಿಸಿ ಹಾಕಿತ್ತು.

ಅದಕ್ಕೇ ಹೇಳುತ್ತೇನೆ, ನಿಂತ ಸಾಲನ್ನು ನಂಬಬೇಡಿ. ಜಿಸಿಸಿ ಕಂಪೈಲರಿನಲ್ಲಿ ಕಂಪೈಲ್ ಮಾಡುವಾಗ ‘-ಜಿ -ಎಫ್‌ಸ್ಯಾನಿಟೈಜ್=ಅಡ್ರೆಸ್’ ಸೇರಿಸಿ. ಯಾವ ಸಾಲು ಹೊರಗೆ ಬರೆಯಿತು, ಆ ಜಾಗವನ್ನು ಯಾವ ಸಾಲಿನಲ್ಲಿ ಕೇಳಿದ್ದಿರಿ, ಎರಡನ್ನೂ ತೋರಿಸುತ್ತದೆ. ನನ್ನ ಎರಡು ದಿನದ ಕೆಲಸ ಅದರಿಂದ ಎರಡು ನಿಮಿಷದಲ್ಲಿ ಮುಗಿಯಿತು.

ಉತ್ತರ 2
ಚಿತ್ರದುರ್ಗದಿಂದ. ನನಗೆ ಕಾಟ ಕೊಟ್ಟದ್ದು ಪಡೆದ ಜಾಗದ ಅಳತೆ ಬದಲಿಸುವ ರಿಅಲಾಕ್. ಅರೇ ದೊಡ್ಡದು ಮಾಡಿದಾಗ ಅದು ಪೂರ್ತಿ ಬೇರೆ ಕಡೆ ಹೋಗಬಹುದು. ಹಳೆಯ ಜಾಗ ತೋರಿಸುತ್ತಿದ್ದ ಇನ್ನೊಂದು ಪಾಯಿಂಟರ್ ಇಟ್ಟುಕೊಂಡಿದ್ದರೆ ಕೆಟ್ಟಿತು. ಬಂದ ಉತ್ತರವನ್ನು ಮೊದಲು ಬೇರೆ ಪಾಯಿಂಟರಿಗೆ ಹಾಕಿಕೊಳ್ಳಿ, ನಲ್ (ಯಾವ ಜಾಗವನ್ನೂ ತೋರಿಸದ ಬೆಲೆ) ಅಲ್ಲ ಅಂತ ನೋಡಿ ಆಮೇಲೆ ಹಳೆಯದಕ್ಕೆ ಹಾಕಿ. ನೇರ ಹಾಕಿದರೆ, ಜಾಗ ಸಿಗದ ದಿನ ಇದ್ದ ಅರೇ ವಿಳಾಸವೂ ಕೈತಪ್ಪಿ ಹೋಗುತ್ತದೆ.

ಉತ್ತರ 3
ಲ್ಯಾಬ್‌ಗೆ ಇದೊಂದು ನೆನಪಿರಲಿ. ಲಿಸ್ಟ್ ಪೂರ್ತಿ ಬಿಡುಗಡೆ ಮಾಡುವಾಗ ಮುಂದಿನ ನೋಡ್ ತೋರಿಸುವ ನೆಕ್ಸ್ಟನ್ನು ಮೊದಲು ತೆಗೆದಿಟ್ಟುಕೊಂಡು ಆಮೇಲೆ ಫ್ರೀ ಮಾಡಿ. ಫ್ರೀ ಆದ ನೋಡ್ ಒಳಗೆ ನೆಕ್ಸ್ಟ್ ಹುಡುಕಬಾರದು. ನನ್ನ ಅಂಕ ಹೋದದ್ದು ಅಲ್ಲೇ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಉತ್ತರ 1ರಲ್ಲಿ ಹೇಳಿದ ಆ ಕಂಪೈಲ್ ಆಯ್ಕೆ ಸೇರಿಸಿದ ಮೇಲೆ ಪ್ರೋಗ್ರಾಂ ಪ್ರತಿ ಸಲವೂ ಒಂದೇ ಕಡೆ ನಿಂತಿತು, ಲಿಸ್ಟ್ ಪ್ರಿಂಟ್ ಮಾಡುವ ಲೂಪಿನಲ್ಲಿ. ಲೂಪ್ ಸರಿಯಾಗಿಯೇ ಇತ್ತು. ಹಿಂದಕ್ಕೆ ಹುಡುಕಿದರೆ ಕೊನೆಯ ನೋಡ್‌ನ ನೆಕ್ಸ್ಟ್‌ಗೆ ನಲ್ ಹಾಕಿಯೇ ಇರಲಿಲ್ಲ. ಮ್ಯಾಲಾಕ್ ಕೊಟ್ಟ ಜಾಗ ಖಾಲಿ ಇರುತ್ತದೆ ಅಂದುಕೊಂಡಿದ್ದೆ, ಹಾಗೆ ಸೊನ್ನೆ ತುಂಬಿ ಕೊಡುವುದು ಕ್ಯಾಲಾಕ್ ಅಂತೆ. ನಲ್ ಹಾಕಿದೆ. ಬೆಳಗ್ಗಿನಿಂದ ಇಪ್ಪತ್ತು ಸಲ ಓಡಿಸಿದ್ದೇನೆ, ನಿಂತಿಲ್ಲ.