ಸಹಾಯ ಬೇಕು: ಕಬ್ಬಿಣದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ನಿಟುವಳ್ಳಿಯವಳು. ಚೊಚ್ಚಲ ಬಸುರಿ, ಈಗ ಆರನೇ ತಿಂಗಳು. ಹೋದ ವಾರ ಹಿಮೋಗ್ಲೋಬಿನ್ 9.4 ಬಂತು. 11 ಆದರೂ ಇರಬೇಕು ಅಂತ ನರ್ಸ್ ತಾಯಿ ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಕೊಟ್ಟರು.

ಮಾತ್ರೆ ನುಂಗಿದ ಅರ್ಧ ಗಂಟೆಗೆ ತುಕ್ಕು ಹಿಡಿದ ಮೊಳೆ ಚೀಪಿದ ಹಾಗಾಗುತ್ತದೆ, ಆಮೇಲೆ ವಾಕರಿಕೆ. ಮಲಬದ್ಧತೆ ಬೇರೆ. ಮಲ ಕಪ್ಪಗಾಗಿದ್ದು ನೋಡಿ ಹೆದರಿದ್ದೆ, ಅದು ಮಾತ್ರೆಯಿಂದಲೇ ಅಂತ ಆಶಾ ಅಕ್ಕ ಹೇಳಿದ ಮೇಲೆ ಸಮಾಧಾನ ಆಯಿತು. ಇನ್ನೊಂದು ತಪ್ಪೂ ಮಾಡಿದ್ದೆ. ಒಂದು ತಿಂಗಳು ಕ್ಯಾಲ್ಸಿಯಂ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಿ, ಮೇಲೊಂದು ಲೋಟ ಚಹಾ ಕುಡಿಯುತ್ತಿದ್ದೆ! ಕ್ಯಾಲ್ಸಿಯಂ, ಚಹಾ ಎರಡೂ ಕಬ್ಬಿಣ ಮೈಗೆ ಹತ್ತೋಕೆ ಬಿಡುವುದಿಲ್ಲವಂತೆ. ನಮ್ಮೂರಲ್ಲಿ ಮಂಡಕ್ಕಿ ಮಿರ್ಚಿ, ಚಹಾ ಇಲ್ಲದೆ ಸಂಜೆ ಕಳೆಯುವುದಿಲ್ಲ, ಗೊತ್ತಲ್ವಾ? ಅದಕ್ಕೇ ಈಗ ಮಾತ್ರೆಯನ್ನು ರಾತ್ರಿಗೆ ಹಾಕಿಕೊಂಡಿದ್ದೀನಿ, ನಿಂಬೆಹಣ್ಣಿನ ಪಾನಕದ ಜೊತೆ.

ಊಟ ಆದ ಮೇಲೆ ತಗೊಂಡವರಿಗೆ ವಾಕರಿಕೆ ಕಡಿಮೆ ಆಯಿತಾ? ಮಲಬದ್ಧತೆಗೆ ಏನು ತಿಂದಿರಿ? ಅತ್ತೆ "ನುಗ್ಗೆಸೊಪ್ಪಿನ ಪಲ್ಯ ತಿನ್ನು, ಮಾತ್ರೆ ಬಿಡು" ಅಂತಾರೆ. ಪಲ್ಯವನ್ನು ಖುಷಿಯಿಂದ ತಿನ್ನುತ್ತೀನಿ, ಮಾತ್ರೆ ಬಿಡೋಕೆ ಮಾತ್ರ ಧೈರ್ಯ ಇಲ್ಲ.

ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಹೋಗುವವರು ಯಾರಾದರೂ ಇದ್ದೀರಾ? ಒಬ್ಬಳೇ ಹೋಗೋಕೆ ಸಂಕೋಚ. 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆ ಇದೆ, ಮಾತ್ರೆ ಬದಲಿಸಬಹುದಾ ಅಂತ ಡಾಕ್ಟರನ್ನೂ ಕೇಳುತ್ತೀನಿ. ಅಷ್ಟರೊಳಗೆ ನಿಮ್ಮ ಅನುಭವ ಹೇಳಿ ಅಕ್ಕಂದಿರೇ.