ಅಮ್ಮನ ಅಂಗಾಲಿನ ಕಪ್ಪು ಕಲೆ ಮೆಲನೋಮ (ಒಂದು ಜಾತಿಯ ಚರ್ಮದ ಕ್ಯಾನ್ಸರ್) ಅಂತ ಬಂತು, ಎಷ್ಟು ಜೋರಿನದ್ದು ಅಂತ ಹೇಗೆ ಗೊತ್ತಾಗುದು?

ಬ್ರಹ್ಮಾವರದ_ಮಗ
ನಮಸ್ಕಾರ ಎಲ್ರಿಗೂ, ಸ್ವಲ್ಪ ಗೊತ್ತಿದ್ದವ್ರು ಹೇಳಿ. ಅಮ್ಮನಿಗೆ 61, ಬಲಗಾಲಿನ ಹಿಮ್ಮಡಿ ಹತ್ರ ಕಪ್ಪು ಕಲೆ ಉಂಟು. ಹಿಮ್ಮಡಿ ಒಡೆದದ್ದಕ್ಕೆ ಗೇರೆಣ್ಣೆ ಹಚ್ತಾರಲ್ಲ, ಅದರದ್ದೇ ಕಲೆ ಅಂತ ಕೆಲವ್ರು, ಆಣಿ ಅಂತ ಕೆಲವ್ರು. ಕಡೆಗೆ ಮಂಗಳೂರಲ್ಲಿ ಚರ್ಮದ ಡಾಕ್ಟ್ರು ಲೈಟ್ ಇರುವ ಲೆನ್ಸ್ ಕಾಲಿಗೆ ಒತ್ತಿ ಹಿಡ್ದು ನೋಡಿ ಫೋಟೋ ತೆಗ್ದು, ಇವತ್ತೇ ಬಯಾಪ್ಸಿ ಮಾಡುವ ಅಂದ್ರು. ರಿಪೋರ್ಟಲ್ಲಿ ಆಕ್ರಲ್ ಲೆಂಟಿಜಿನಸ್ ಮೆಲನೋಮ (ಅಂಗಾಲು, ಅಂಗೈ, ಉಗುರಲ್ಲಿ ಬರುವ ಬಗೆ ಅಂತೆ), ಬ್ರೆಸ್ಲೋ 1.4 ಮಿ.ಮೀ., ಅಲ್ಸರ್ ಇಲ್ಲ, ಎಸ್100, ಸಾಕ್ಸ್10, ಎಚ್‌ಎಂಬಿ-45, ಮೆಲಾನ್-ಎ ನಾಲ್ಕೂ ಪಾಸಿಟಿವ್. ನಾಲ್ಕೂ ಪಾಸಿಟಿವ್ ಅಂದ್ರೆ ತುಂಬಾ ಜೋರಾಗಿದೆ ಅಂತಲಾ? ಮತ್ತೆ ಮನೆಯಲ್ಲಿ ದೊಡ್ಡಪ್ಪ "ಚೂರಿ ತಾಗಿದ್ರೆ ಹರಡ್ತದೆ, ಇನ್ನು ಮುಟ್ಟುದು ಬೇಡ, ಸ್ಕ್ಯಾನಲ್ಲೇ ನೋಡ್ಲಿ" ಅಂತ ಕೂತಿದ್ದಾರೆ. ಎಂತ ಮಾಡುದು ಅಂತ ತಿಳೀತಿಲ್ಲ.

ಸ್ಲೈಡ್_ರೂಮ್
ನಾನು ಪೆಥಾಲಜಿಯಲ್ಲಿ ಇರುವವ, ಮಣಿಪಾಲ. ಮೊದ್ಲು ಆ ಪಾಸಿಟಿವ್‌ಗಳಿಗೆ ಹೆದರ್ಬೇಡಿ ಮಾರಾಯ್ರೇ. ಅವು ಈ ಜೀವಕೋಶ ಯಾವ ಜಾತಿಯದ್ದು ಅಂತ ಹೇಳುವ ಬಣ್ಣಗಳು, ಅಂದ್ರೆ ಚರ್ಮಕ್ಕೆ ಕಪ್ಪು ಕೊಡುವ ಮೆಲನೋಸೈಟಿಂದ ಬಂದದ್ದು ಅಂತ ಅಷ್ಟೇ. ಸಾದಾ ಮಚ್ಚೆ ತೆಗ್ದು ನೋಡಿದ್ರೂ ಎಸ್100, ಸಾಕ್ಸ್10 ಪಾಸಿಟಿವ್ವೇ ಬರುದು. ಮಚ್ಚೆಯಾ ಮೆಲನೋಮವಾ ಅಂತ ಸಂಶಯ ಇದ್ರೆ ಈಗ ಪ್ರೇಮ್ ಅಂತ ಒಂದು ಮಾರ್ಕರ್ ಹಾಕ್ತಾರೆ, ಹೆಚ್ಚಿನ ಮಚ್ಚೆಗಳಲ್ಲಿ ಅದು ನೆಗೆಟಿವ್. ಕೆಐ-67 ಎಷ್ಟು ಕೋಶ ವಿಭಜನೆ ಆಗ್ತಾ ಉಂಟು ಅಂತ ತೋರಿಸ್ತದೆ, ಆದ್ರೆ ಅದೊಂದನ್ನೇ ಹಿಡ್ಕೊಂಡು ಯಾರೂ ಚಿಕಿತ್ಸೆ ನಿರ್ಧಾರ ಮಾಡುದಿಲ್ಲ.

ಎಷ್ಟು ಜೋರು ಅಂತ ನೋಡ್ಲಿಕ್ಕೆ ನಿಮ್ಮ ರಿಪೋರ್ಟಲ್ಲಿ ಮುಖ್ಯ ಆ 1.4. ಅಲೆಕ್ಸಾಂಡರ್ ಬ್ರೆಸ್ಲೋ ಅನ್ನುವ ಪೆಥಾಲಜಿಸ್ಟ್ 1970ರಲ್ಲಿ ತೋರಿಸಿ ಕೊಟ್ಟದ್ದು, ಗಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಅಂತ ಮೈಕ್ರೋಸ್ಕೋಪಲ್ಲೇ ಅಳೆದ್ರೆ ಮುಂದಿನ ದಾರಿ ತಿಳೀತದೆ ಅಂತ. ಒಂದರಿಂದ ಎರಡು ಮಿ.ಮೀ. ಒಳಗೆ, ಅಲ್ಸರ್ ಅಂದ್ರೆ ಗಡ್ಡೆಯ ಮೇಲಿನ ಚರ್ಮ ಹುಣ್ಣಾಗುದು, ಅದೂ ಇಲ್ಲ ಅಂದ್ರೆ ಟಿ2ಎ, ದಪ್ಪದ ನಾಲ್ಕು ಹಂತಗಳಲ್ಲಿ ಎರಡನೇದು. ಒಂದು ಮಾತ್ರ ಕೇಳಿ ತಿಳ್ಕೊಳ್ಳಿ, ಇಡೀ ಕಲೆ ತೆಗ್ದದ್ದಾ ಅಥವಾ ಒಂದು ಚೂರು ಪಂಚ್ ಮಾಡಿದ್ದಾ? ಚೂರಾದ್ರೆ 1.4 ಅನ್ನುದು ಆ ಜಾಗದ್ದು ಮಾತ್ರ, ಪೂರ್ತಿ ತೆಗ್ದಾಗ ಅಂಕೆ ಏರ್ಲಿಕ್ಕೂ ಸಾಕು.

ಡಾಕ್ಟ್ರು ಒತ್ತಿ ನೋಡಿದ್ದು ಡರ್ಮೋಸ್ಕೋಪ್. ಅಂಗಾಲಿನ ಚರ್ಮ ಉತ್ತ ಗದ್ದೆಯ ಹಾಗೆ ಏರು ತಗ್ಗು ಗೆರೆ, ಏರಿನ ಮೇಲೆ ಬೆವರಿನ ರಂಧ್ರ ಬಿಳಿ ಚುಕ್ಕೆಯಾಗಿ ಸಾಲಾಗಿ ಕಾಣ್ತದೆ. ಸಾದಾ ಮಚ್ಚೆಯ ಕಪ್ಪು ಹೆಚ್ಚಾಗಿ ತಗ್ಗಲ್ಲಿ, ಮೆಲನೋಮದ್ದು ಆ ಚುಕ್ಕೆಗಳಿರುವ ಏರಲ್ಲಿ. ಅದನ್ನು ಕಂಡೇ ಅವ್ರು ಅವತ್ತೇ ಬಯಾಪ್ಸಿ ಅಂದದ್ದು ಇರ್ಬೇಕು, ಒಳ್ಳೆ ಡಾಕ್ಟ್ರು ಸಿಕ್ಕಿದ್ದಾರೆ ನಿಮಗೆ. ಇನ್ನು ಸ್ಕ್ಯಾನ್. ಕಾನ್‌ಫೋಕಲ್ ಅಂತ ಒಂದು ಮೈಕ್ರೋಸ್ಕೋಪ್ ಉಂಟು, ಕೊಯ್ಯದೆ ಕೋಶಗಳನ್ನೇ ನೋಡ್ಬಹುದು, ಆದ್ರೆ ಸುಮಾರು ಕಾಲು ಮಿ.ಮೀ.ಗಿಂತ ಕೆಳಗೆ ಅದರ ಕಣ್ಣು ಹೋಗುದಿಲ್ಲ, ಅಂಗಾಲಿನ ದಪ್ಪ ಚರ್ಮದಲ್ಲಿ ಮೇಲಿನ ಪದರದಲ್ಲೇ ನಿಲ್ತದೆ. ಹಾಗಾಗಿ ಎಲ್ಲಿ ಕೊಯ್ಬೇಕು ಅಂತ ಚಿತ್ರ ಹೇಳ್ತದೆ, ಆಳ ಎಷ್ಟು ಅಂತ ಕೊಯ್ದ ಚೂರಿನ ಸ್ಲೈಡೇ ಹೇಳ್ಬೇಕು. ದೊಡ್ಡಪ್ಪನವರಿಗೆ ಹೇಳಿ, ಬಯಾಪ್ಸಿಯಿಂದ ಮೆಲನೋಮ ಹರಡುದಿಲ್ಲ, ತೆಗೀದೆ ಬಿಟ್ರೆ ಹರಡುದು.

ಸುರತ್ಕಲ್_ಅಕ್ಕ
ನಮ್ಮ ಅಪ್ಪನಿಗೆ ಕಾಲಿನ ಹೆಬ್ಬೆರಳಿನ ಉಗುರಡಿ ಆಗಿದ್ದು, ಕಪ್ಪು ಉಗುರಿಂದ ಬುಡದ ಚರ್ಮಕ್ಕೂ ದಾಟಿತ್ತು, ಅದು ದೊಡ್ಡ ಸೂಚನೆ ಅಂತೆ. ಬಾಬ್ ಮಾರ್ಲಿ ಹಾಡುಗಾರ ಇದ್ದನಲ್ಲ, 1981ರಲ್ಲಿ ಹೋದ, ಅವನಿಗೂ ಕಾಲ್ಬೆರಳಲ್ಲೇ ಶುರುವಾದದ್ದು. ಬಿಳಿಯರ ಕಾಯಿಲೆ, ಬಿಸಿಲಿನ ಕಾಯಿಲೆ ಅಂತ ಎಲ್ರೂ ಹೇಳ್ತಾರೆ, ಅಂಗಾಲಿಗೆ ಎಲ್ಲಿಂದ ಬಿಸಿಲು? ನಮ್ಮ ಬಣ್ಣದವ್ರಿಗೆ ಹೆಚ್ಚಾಗಿ ಬರುದು ಪಾದ, ಅಂಗೈ, ಉಗುರಲ್ಲೇ. ಅಪ್ಪನಿಗೆ ಆಪರೇಷನ್ ದಿನ ಬೆರಳ ಹತ್ರ ನೀಲಿ ಬಣ್ಣದ ಇಂಜೆಕ್ಷನ್ ಕೊಟ್ಟು, ಅದು ತೊಡೆಸಂದಿಯಲ್ಲಿ ಮೊದ್ಲು ತಲುಪಿದ ಗಂಟನ್ನೇ (ದುಗ್ಧಗ್ರಂಥಿ) ತೆಗ್ದು, ಅಲ್ಲಿಗೆ ಹರಡಿದೆಯಾ ಅಂತ ಪರೀಕ್ಷೆಗೆ ಕಳಿಸಿದ್ರು. ಅಮ್ಮನಿಗೂ ಅದು ಮಾಡ್ತಾರಾ ಅಂತ ಸರ್ಜನ್ ಹತ್ರ ಕೇಳಿ.

ಬ್ರಹ್ಮಾವರದ_ಮಗ
ಡಾಕ್ಟ್ರೇ, ಅಕ್ಕ, ತುಂಬಾ ಉಪಕಾರ ಆಯ್ತು. ಪಂಚ್ ಮಾಡಿದ್ದೇ ಅಂತೆ, ಈಗ ಫೋನ್ ಮಾಡಿ ಕೇಳಿದೆ. ಪೆಟ್ ಸ್ಕ್ಯಾನ್ ಮಾಡಿದ್ರೆ ಈ ಗಂಟಿನ ಪರೀಕ್ಷೆ ಬೇಡ್ವಾ? ಮತ್ತೆ ಬ್ರಾಫ್ ಅಂತ ಗಡ್ಡೆಯ ಜೀನ್ ಟೆಸ್ಟ್ ಉಂಟಲ್ಲ, ಅದು ಈಗಲೇ ಮಾಡಿಸ್ಬೇಕಾ?

ಸ್ಲೈಡ್_ರೂಮ್
ಗಂಟಲ್ಲಿ ನಾಲ್ಕಾರು ಕೋಶ ಮಾತ್ರ ಇದ್ರೆ ಪೆಟ್ಟಲ್ಲಿ ಕಾಣುದೇ ಇಲ್ಲ, ಅದಕ್ಕೆ ನಿಮ್ಮ ಅಮ್ಮನ ಗಡ್ಡೆಯ ದಪ್ಪಕ್ಕೆ ಸೆಂಟಿನೆಲ್ ನೋಡ್, ಅಂದ್ರೆ ಅಕ್ಕ ಹೇಳಿದ ಆ ಮೊದಲ ಗಂಟಿನ ಪರೀಕ್ಷೆ, ಕೇಳ್ಳೇಬೇಕು, ಅದೂ ದೊಡ್ಡ ಆಪರೇಷನ್ ಜೊತೆಗೇ ಆಗ್ಲಿ, ಮೊದ್ಲು ಅಗಲವಾಗಿ ತೆಗ್ದುಬಿಟ್ರೆ ಆಮೇಲೆ ಆ ಗಂಟಿಗೆ ಹೋಗುವ ದಾರಿ ಸರಿ ಸಿಗ್ಲಿಕ್ಕೆ ಕಷ್ಟ. ಬ್ರಾಫ್ ಮುಖ್ಯವಾಗಿ ಬೇಕಾಗುದು ಗಂಟಿಗೆ ಅಥವಾ ಬೇರೆ ಕಡೆ ಹರಡಿದ್ರೆ, ಮಾತ್ರೆ ಆಯ್ಕೆ ಮಾಡ್ಲಿಕ್ಕೆ. ಅಂಗಾಲಿನದ್ರಲ್ಲಿ ಬ್ರಾಫ್ ಬದಲಾವಣೆ ಕಮ್ಮಿ, ಕೆಲವ್ರಲ್ಲಿ ಕಿಟ್ ಅನ್ನುವ ಜೀನಿನದ್ದು ಇರ್ತದೆ, ಮಾಡಿಸುವಾಗ ಎರಡೂ ಒಟ್ಟಿಗೆ ಹೇಳಿ. ಸ್ಲೈಡ್ ಮತ್ತೆ ಮೇಣದ ಬ್ಲಾಕ್ ಲ್ಯಾಬಿಂದ ಕೇಳಿ ತಗೊಳ್ಳಿ, ಬೇರೆ ಆಸ್ಪತ್ರೆಗೆ ಹೋದ್ರೂ ಅದರಲ್ಲೇ ಎಲ್ಲ ಟೆಸ್ಟ್ ಆಗ್ತದೆ. ಈ ವಾರವೇ ಕ್ಯಾನ್ಸರ್ ಸರ್ಜನ್ನಿಗೆ ತೋರಿಸಿ.