ಪದಚರ್ಚೆ: ‘ವೈಯಕ್ತಿಕ ಪ್ರಾರ್ಥನೆ’ಯೋ ‘ಏಕಾಂತ ಪ್ರಾರ್ಥನೆ’ಯೋ?

ಪ್ರಶ್ನೆ (ಹಾಸನದಿಂದ):

ಬಳಗದವರಿಗೆ ನಮಸ್ಕಾರ. ಸಭೆಯ ಯುವಜನರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದು ತಯಾರಾಗುತ್ತಿದೆ. ಕ್ರೈಸ್ತರು ದಿನವೂ ಒಬ್ಬೊಬ್ಬರೇ ಕೂತು ಮಾಡುವ ಪ್ರಾರ್ಥನೆ ಅದರ ವಿಷಯ. ಕರಡಿನಲ್ಲಿ ‘ವೈಯಕ್ತಿಕ ಪ್ರಾರ್ಥನೆ’ ಎಂದಿದೆ. ಒಬ್ಬರು ಅದನ್ನು ‘ಖಾಸಗಿ’ ಎಂದು ತಿದ್ದಿದ್ದಾರೆ, ಇನ್ನೊಬ್ಬರು ‘ನಿತ್ಯ ಪ್ರಾರ್ಥನೆ’ ಎಂದಿದ್ದಾರೆ. ಕಥೋಲಿಕರ ಮನೆಗಳಲ್ಲಿ ‘ಜಪ’ವೂ ಬಳಕೆಯಲ್ಲಿದೆ. ಯಾವುದನ್ನು ಇಟ್ಟುಕೊಳ್ಳುವುದು? ‘ಜಪ ಹೇಳು’, ‘ಪ್ರಾರ್ಥನೆ ಮಾಡು’ ಎನ್ನುವಲ್ಲಿ ಕ್ರಿಯಾಪದದಿಂದ ಅರ್ಥ ಬದಲಾಗುತ್ತದೆಯೇ?

ಉತ್ತರ 1 (ಚಿಕ್ಕಮಗಳೂರಿನಿಂದ):

‘ಖಾಸಗಿ’ಯನ್ನು ಮೊದಲು ಹೊಡೆದುಹಾಕಿ. ಖಾಸಗಿ ಬಸ್ಸು, ಖಾಸಗಿ ಆಸ್ಪತ್ರೆ ಎಂದು ಕೇಳಿದ ಕಿವಿಗೆ ಅದು ಸರ್ಕಾರದ್ದಲ್ಲ ಎಂಬ ಅರ್ಥವನ್ನೇ ಕೊಡುವುದು. ‘ವೈಯಕ್ತಿಕ’ ತಪ್ಪೇನಲ್ಲ, ಆದರೆ ಸಾಲದ ಅರ್ಜಿಯ ವಾಸನೆ ಹೊಡೆಯುತ್ತದೆ.

‘ನಿತ್ಯ’ದ ತೊಡಕು ಬೇರೆ. ಕ್ರೈಸ್ತ ಕನ್ನಡದಲ್ಲಿ ‘ನಿತ್ಯಜೀವ’ ಎಂದರೆ ಕೊನೆಯಿಲ್ಲದ ಜೀವ. ಆ ಪದವನ್ನೇ ದಿನದ ಲೆಕ್ಕಕ್ಕೂ ಎಳೆದರೆ ಓದುಗ ಎಡವುತ್ತಾನೆ. ದಿನದ ಲೆಕ್ಕಕ್ಕೆ ಕರ್ತನ ಪ್ರಾರ್ಥನೆಯಲ್ಲೇ (ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ) ಒಳ್ಳೆಯ ಪದವಿದೆ: ‘ಅನುದಿನದ ಆಹಾರ’. ಮೂಲದ ಗ್ರೀಕ್ ಪದ ‘ಎಪಿಊಸಿಯೊಸ್’ ಬಲು ಅಪರೂಪದ್ದು. ‘ಈ ದಿನಕ್ಕೆ ಸಾಲುವಷ್ಟು’ ಎಂದು ಕೆಲವರು, ‘ನಾಳೆಯದು’ ಎಂದು ಕೆಲವರು ಬಿಡಿಸುತ್ತಾರೆ. ಇದನ್ನು ಮನ್ನದ, ಅಂದರೆ ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರದ, ಪ್ರಸಂಗದ ಪಕ್ಕದಲ್ಲಿಟ್ಟು ಓದುವ ರೂಢಿಯಿದೆ. ದಿನಕ್ಕೆ ತಲೆಗೊಂದು ಓಮೆರ್ (ಒಂದು ಅಳತೆ) ಕೂಡಿಸಬೇಕಿತ್ತು, ಮರುದಿನಕ್ಕೆಂದು ಇಟ್ಟದ್ದಕ್ಕೆ ಹುಳ ಬಿತ್ತು (ಬೈಬಲಿನ ವಿಮೋಚನಕಾಂಡ 16). ಭಾನುವಾರದ ಆರಾಧನೆಯೊಂದನ್ನೇ ಶನಿವಾರದವರೆಗೆ ಎಳೆಯಲಾಗದು, ಪ್ರಾರ್ಥನೆ ದಿನವೂ ಬೇಕು ಎಂದು ವಿವರಿಸಲು ನಿಮಗೆ ಇದಕ್ಕಿಂತ ಹತ್ತಿರದ ಆಧಾರ ಬೇಕಿಲ್ಲ.

ಇನ್ನು ‘ಏಕಾಂತ’. ನನ್ನ ಮತ ಇದಕ್ಕೇ. ಮತ್ತಾಯ 6:6ರಲ್ಲಿ ಯೇಸು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಲು ಹೇಳುತ್ತಾನೆ. ಅಲ್ಲಿಯ ಗ್ರೀಕ್ ಪದ ‘ತಮೆಯೊನ್’. ಒಳಕೋಣೆ, ಸಾಮಾನು ಕೂಡಿಡುವ ಕೋಣೆ ಎಂಬ ಎರಡೂ ಅರ್ಥ ಅದಕ್ಕುಂಟು. ಕಾಗೆಗಳಿಗೆ ಉಗ್ರಾಣವಿಲ್ಲ, ಕಣಜವಿಲ್ಲ ಎನ್ನುವ ಲೂಕ 12:24ರಲ್ಲೂ ಅದೇ ಪದ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಭತ್ತದ ಮೂಟೆ, ಬೆಲ್ಲದ ಡಬ್ಬ ಇಡುವ, ಕಿಟಕಿಯಿಲ್ಲದ ಕತ್ತಲೆಕೋಣೆಯನ್ನು ನೆನೆಸಿಕೊಳ್ಳಿ. ದೇವರ ಮನೆಯೂ ಅಲ್ಲ, ಜಗಲಿಯೂ ಅಲ್ಲ, ಯಾರೂ ಇಣುಕದ ಜಾಗ.

ತೋಟದ ಲೈನ್ ಮನೆಯಲ್ಲಿ ಒಂದೇ ಕೋಣೆಯಲ್ಲಿ ಐದು ಜನ ಇದ್ದರೆ ಬಾಗಿಲು ಮುಚ್ಚುವುದು ಹೇಗೆ? ಅಂಥವರಿಗೆ ಮಾರ್ಕ 1:35 ಕೊಡಿ: ಇನ್ನೂ ಕತ್ತಲಿರುವಾಗಲೇ ಎದ್ದು ಹೊರಗೆ ಹೋಗುವುದು. ಹಳೆಯ ಕನ್ನಡ ಬೈಬಲಿನ ‘ಅಡವಿ’ಗೆ ಮಾತ್ರ ಒಂದು ಟಿಪ್ಪಣಿ ಹಾಕಿ. ಮಲೆನಾಡಿನವರ ಕಣ್ಣಿಗೆ ಅದು ದಟ್ಟ ಕಾಡು, ಮೂಲದಲ್ಲಿರುವುದು ಜನರಿಲ್ಲದ ಬರಡು ಜಾಗ.

ಕ್ರಿಯಾಪದದ ಪ್ರಶ್ನೆ ಚೆನ್ನಾಗಿದೆ. ‘ಜಪ ಹೇಳು’ ಎಂದಾಗ ಮಾತುಗಳು ಮೊದಲೇ ಸಿದ್ಧ, ನಾಲಿಗೆ ಅವುಗಳ ಜಾಡಿನಲ್ಲಿ ನಡೆಯುತ್ತದೆ. ‘ಪ್ರಾರ್ಥನೆ ಮಾಡು’ ಎಂದರೆ ಸ್ವಂತ ಮಾತಿಗೂ ಜಾಗವಿದೆ. ‘ಪ್ರಾರ್ಥನೆ ಸಲ್ಲಿಸು’ ಪತ್ರಿಕೆಯ ವರದಿಗೆ ಸಾಕು. ಮತ್ತಾಯ 6:7ರಲ್ಲಿ ಬರಿದೇ ಮಾತು ಬೆಳೆಸಬೇಡಿ ಎಂದಿರುವುದನ್ನು ಹಿಡಿದು ಜಪವನ್ನೇ ಹಳಿಯುವವರಿದ್ದಾರೆ. ಅದು ಅವಸರದ ತೀರ್ಮಾನ. ಎರಡೇ ವಚನ ದಾಟಿದರೆ ಯೇಸುವೇ ಕಲಿಸಿದ ಸಿದ್ಧ ಪ್ರಾರ್ಥನೆ ಬರುತ್ತದೆ. ‘ದಿದಾಖೆ’ ಎಂಬ ಆದಿಸಭೆಯ ಬರಹ ಅದನ್ನು ದಿನಕ್ಕೆ ಮೂರು ಸಲ ಹೇಳಲು ವಿಧಿಸುತ್ತದೆ.

‘ಎಡೆಬಿಡದೆ ಪ್ರಾರ್ಥನೆ ಮಾಡಿರಿ’ (1 ಥೆಸಲೋನಿಕ 5:17) ಎಂಬುದನ್ನು ಸೇರಿಸುವಿರಾದರೆ ಇಲ್ಲಿ ‘ಎಡೆ’ ಎಂದರೆ ನಡುವಿನ ತೆರಪು ಎಂದು ತಿಳಿಸಿ. ಹಾಸನದ ಸೀಮೆಯ ಹುಡುಗರಿಗೆ ಮೊದಲು ನೆನಪಾಗುವುದು ಪಿತೃಪಕ್ಷದಲ್ಲಿ ಹಿರಿಯರಿಗೆ ಇಡುವ ಎಡೆ!

ಹಂತಗಳ ಹೆಸರನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹದಿನೈದು ನಿಮಿಷವೆಂದು ಇಟ್ಟುಕೊಂಡರೆ ಎರಡು ನಿಮಿಷ ಮೌನ, ಆಮೇಲೆ ಬೈಬಲಿನ ಒಂದು ಕೀರ್ತನೆಯ ಓದು, ಅರಿಕೆ, ಕೃತಜ್ಞತೆ, ವಿಜ್ಞಾಪನೆ (ಬೇಡಿಕೆಗಳು), ಕೊನೆಗೆ ಕರ್ತನ ಪ್ರಾರ್ಥನೆ. ಕೀರ್ತನೆಯನ್ನು ಬಾಯಿಬಿಟ್ಟು ಓದಲಿ, ಕಣ್ಣೋಟಕ್ಕೆ ಅರ್ಧ ಸಾಲು ಜಾರಿಹೋಗುತ್ತದೆ. ದಿನಕ್ಕೊಂದರಂತೆ 150 ಕೀರ್ತನೆಗೆ ಐದು ತಿಂಗಳು. 119ನೆಯದು ಮಾತ್ರ 176 ವಚನದ್ದು, ಮೂಲದಲ್ಲೇ ಎಂಟೆಂಟರ 22 ಭಾಗಗಳಿವೆ, ಅದನ್ನು ಹಾಗೇ ಒಡೆದುಕೊಳ್ಳಬೇಕು. ಇಲ್ಲವಾದರೆ ಅನೇಕರು ಅಲ್ಲೇ ಕೈಬಿಡುತ್ತಾರೆ. ‘ಅರಿಕೆ’ಗೆ ಆಡುಮಾತಿನಲ್ಲಿ ವಿನಂತಿ ಎಂಬ ಅರ್ಥವೂ ಇರುವುದರಿಂದ ‘ಪಾಪದ ಅರಿಕೆ’ ಎಂದೇ ಬರೆಯಿರಿ. ವಿಜ್ಞಾಪನೆಯನ್ನು ಮುಂದಕ್ಕೆ ತಂದರೆ ಬೇಡಿಕೆಗಳೇ ಹದಿನೈದು ನಿಮಿಷವನ್ನೂ ನುಂಗುತ್ತವೆ, ಆಮೇಲೆ ‘ಎಲ್ಲರನ್ನೂ ಆಶೀರ್ವದಿಸು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿ ಏಳುವುದಾಗುತ್ತದೆ. ಯಾರಿಗಾಗಿ ಬೇಡಬೇಕೋ ಅವರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ವಾರದ ಏಳು ದಿನಗಳಿಗೆ ಹಂಚಿ ಬರೆದುಕೊಂಡರೆ ದಿನಕ್ಕೆ ಕೆಲವೇ ಬರುತ್ತವೆ.

ದೇವರಿಗೆ ‘ನೀನು’ ಎನ್ನುವಿರೋ ‘ನೀವು’ ಎನ್ನುವಿರೋ, ಕೈಪಿಡಿಯುದ್ದಕ್ಕೂ ಒಂದೇ ಇರಲಿ. ಪ್ರೊಟೆಸ್ಟೆಂಟರ ಬಾಯಲ್ಲಿ ‘ನಿನ್ನ ರಾಜ್ಯವು ಬರಲಿ’, ಕಥೋಲಿಕರ ಬಾಯಲ್ಲಿ ‘ನಿಮ್ಮ ರಾಜ್ಯ ಬರಲಿ’. ಓದುಗರು ಯಾರು ಎಂಬುದರ ಮೇಲೆ ನಿರ್ಧರಿಸಿ.

ಉತ್ತರ 2 (ಚಿಕ್ಕಮಗಳೂರಿನಿಂದಲೇ, ಇನ್ನೊಬ್ಬರು):

ಮೇಲಿನದಕ್ಕೆ ಒಂದು ಸೇರ್ಪಡೆ. ಕಥೋಲಿಕರ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಹಾಸನ ಜಿಲ್ಲೆಯೂ ಸೇರಿದೆ, ಕೊಂಕಣಿ ಮನೆಮಾತಿನ ಕಥೋಲಿಕರೂ ಇಲ್ಲಿದ್ದಾರೆ. ಮಣಿ ಎಣಿಸುತ್ತ ಹೇಳುವ ಜಪಸರಕ್ಕೆ (ರೋಸರಿ) ಅವರು ‘ತೇರ್ಸ್’ ಎನ್ನುತ್ತಾರೆ. ಪೋರ್ಚುಗೀಸಿನ ‘ತೆರ್ಸೊ’, ಅಂದರೆ ಮೂರನೇ ಒಂದು ಪಾಲು. 150 ಕೀರ್ತನೆಗಳಿಗೆ ಸಮನಾಗಿ 150 ‘ನಮೋ ಮರಿಯ’ (ಮರಿಯಮ್ಮನವರಿಗೆ ಹೇಳುವ ಜಪ), ಅದರಲ್ಲಿ ಒಂದು ಹೊತ್ತಿಗೆ 50. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ‘ಬೆಳಕಿನ ರಹಸ್ಯಗಳು’ ಎಂಬ ನಾಲ್ಕನೇ ಧ್ಯಾನಗುಚ್ಛವನ್ನು, ಅಂದರೆ ಇನ್ನೂ 50 ‘ನಮೋ ಮರಿಯ’ವನ್ನು, ಸೇರಿಸಿದ ಮೇಲೆ ಲೆಕ್ಕದ ಪ್ರಕಾರ ಅದು ಕಾಲು ಪಾಲು, ಹೆಸರು ಮಾತ್ರ ಹಾಗೇ ಉಳಿದಿದೆ. ಸರದಲ್ಲಿ ಮಣಿ 59: ‘ನಮೋ ಮರಿಯ’ಕ್ಕೆ 53, ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ಗೆ 6.

ಹಾಗಾಗಿ ಕಥೋಲಿಕರಿಗೂ ಹಂಚುವ ಕೈಪಿಡಿಯಾದರೆ ‘ಅನುದಿನದ ಏಕಾಂತ ಪ್ರಾರ್ಥನೆ’ ಎಂಬ ತಲೆಬರಹದಡಿ ‘ಜಪ’ಕ್ಕೂ ಒಂದು ಪ್ಯಾರಾ ಬಿಡಿ. ಸಂಜೆ ಮನೆಯವರೆಲ್ಲ ಕೂತು ಹೇಳುವ ಜಪಸರವನ್ನು ಮಾತ್ರ ಅದರೊಳಗೆ ಸೇರಿಸಬೇಡಿ, ಅದಕ್ಕೆ ‘ಕುಟುಂಬ ಪ್ರಾರ್ಥನೆ’ ಎಂಬ ಹೆಸರು ಆಗಲೇ ಇದೆ.